ಟೆರಾಫಾರ್ಮ್: ಮೊದಲ ಪಾಠದಲ್ಲೇ ಹೊಸಬರು ಮುಗ್ಗರಿಸುವುದೇಕೆ?

ಕಂಪನಿಯೊಂದಕ್ಕೆ ಹೊಸ ಸರ್ವರ್ ಬೇಕೆಂದರೆ ಹಿಂದೆ ಯಂತ್ರ ಖರೀದಿಸಿ, ತಂತಿ ಜೋಡಿಸಿ, ವಾರಗಟ್ಟಲೆ ಕಾಯಬೇಕಿತ್ತು. ಈಗ ಬೇಕಾದ ಸರ್ವರ್, ನೆಟ್‌ವರ್ಕ್ ಮತ್ತು ಡಿಸ್ಕ್‌ಗಳ ವಿವರವನ್ನು ಕಡತವೊಂದರಲ್ಲಿ ಬರೆದಿಟ್ಟರೆ ಸಾಕು. ಅಮೆಜಾನ್‌ನಂತಹ ಕ್ಲೌಡ್ ಸಂಸ್ಥೆಗಳಿಂದ ಅವನ್ನು ಬಾಡಿಗೆಗೆ ಪಡೆದು ಸಜ್ಜುಗೊಳಿಸುವ ತಂತ್ರಾಂಶಗಳಿವೆ. ಅಮೆರಿಕದ ಹ್ಯಾಶಿಕಾರ್ಪ್ ಸಂಸ್ಥೆ 2014ರಲ್ಲಿ ಹೊರತಂದ ಟೆರಾಫಾರ್ಮ್ ಇವುಗಳಲ್ಲಿ ಹೆಸರುವಾಸಿಯಾದದ್ದು. ಆ ಸಂಸ್ಥೆಯನ್ನು ಐಬಿಎಂ 2025ರಲ್ಲಿ ತನ್ನದಾಗಿಸಿಕೊಂಡಿತು.

ತಂತ್ರಾಂಶದ ಶಕ್ತಿಯ ಬಗ್ಗೆ ತಕರಾರಿಲ್ಲ. ತೊಡಕಿರುವುದು ಅದನ್ನು ಕಲಿಸುವ ಆರಂಭಿಕ ಪಾಠದಲ್ಲಿ. ಇನಿಟ್, ಪ್ಲ್ಯಾನ್, ಅಪ್ಲೈ, ಡೆಸ್ಟ್ರಾಯ್ ಎಂಬ ನಾಲ್ಕು ಆಜ್ಞೆಗಳನ್ನು ಕಲಿತರೆ ಕೆಲಸ ಶುರು ಮಾಡಬಹುದು. ಆದರೂ ಅನೇಕರು ಮೊದಲ ಸರ್ವರ್ ನಿಲ್ಲಿಸುವ ಮುನ್ನವೇ ಸೋತು ಕೈಚೆಲ್ಲುತ್ತಾರೆ. ಪಾಠ ಬರೆಯುವವರ ಕಂಪ್ಯೂಟರಿನಲ್ಲಿ ಖಾತೆ, ಕೀಲಿ, ಅನುಮತಿ ಎಲ್ಲವೂ ಮೊದಲೇ ಸಿದ್ಧವಿರುವುದರಿಂದ ಓದುವವನ ಬಳಿ ಅವು ಇಲ್ಲವೆಂಬುದು ಅವರಿಗೆ ಹೊಳೆಯುವುದಿಲ್ಲ.

ಒಂದು ಉದಾಹರಣೆ ನೋಡಬಹುದು. ಅಮೆಜಾನ್‌ನಲ್ಲಿ ಪ್ರತಿ ಸರ್ವರ್ ಕೂಡ ಎಎಂಐ ಎಂಬ ಸಿದ್ಧ ಅಚ್ಚಿನಿಂದ ಹುಟ್ಟುತ್ತದೆ. ಪ್ರತಿ ಅಚ್ಚಿಗೂ ಒಂದು ಗುರುತುಸಂಖ್ಯೆ ಉಂಟು. ಆ ಸಂಖ್ಯೆ ಆಯಾ ವಲಯಕ್ಕೆ ಮಾತ್ರ ಸೀಮಿತ. ಅನೇಕ ಪಾಠಗಳಲ್ಲಿ ಮುದ್ರಿತವಾಗಿರುವುದು ಅಮೆರಿಕದ ವಲಯದ ಸಂಖ್ಯೆ. ಬೆಂಗಳೂರಿನ ಕಲಿಕೆದಾರನೊಬ್ಬ ಹತ್ತಿರವೆಂದು 2016ರಲ್ಲಿ ಆರಂಭವಾದ ಮುಂಬೈ ವಲಯವನ್ನು ನಮೂದಿಸಿ, ಉಳಿದದ್ದನ್ನು ಇದ್ದಂತೆಯೇ ನಕಲಿಸಿದನೆನ್ನಿ. ಅಂತಹ ಅಚ್ಚೇ ಇಲ್ಲವೆಂಬ ಉತ್ತರ ಬರುತ್ತದೆ. ಅಕ್ಷರ ತಪ್ಪಿರಬೇಕೆಂದು ಆತ ಗಂಟೆಗಟ್ಟಲೆ ತಡಕಾಡುತ್ತಾನೆ. ತಪ್ಪು ಅವನದಲ್ಲ. ಆಯ್ದ ವಲಯಕ್ಕೆ ತಕ್ಕ ಅಚ್ಚನ್ನು ತಾನೇ ಹುಡುಕಿಕೊಳ್ಳುವ ಅನುಕೂಲ ಟೆರಾಫಾರ್ಮ್‌ನಲ್ಲೇ ಇದೆ. ಪಾಠ ಅದನ್ನು ಬಳಸಿದರೆ ಈ ಗೋಳು ತಪ್ಪುತ್ತದೆ. ಕಡೇಪಕ್ಷ ಸಂಖ್ಯೆಯ ಪಕ್ಕದಲ್ಲಿ ಒಂದು ಸಾಲಿನ ಎಚ್ಚರಿಕೆಯಾದರೂ ಇರಬೇಕು.

ಕೀಲಿಗಳ ವಿಷಯ ಇನ್ನೂ ಗಂಭೀರವಾದದ್ದು. ಆರಂಭದ ವರ್ಷಗಳ ಪಾಠಗಳಲ್ಲಿ ಖಾತೆಯ ರಹಸ್ಯ ಕೀಲಿಯನ್ನು ಕಡತದೊಳಗೇ ಬರೆಯುವ ಮಾದರಿ ಇತ್ತು. ಹೊಸಬರು ಮಾದರಿಯನ್ನು ಹಾಗೆಯೇ ಅನುಸರಿಸುತ್ತಾರೆ, ಬಳಿಕ ಕಡತವನ್ನು ಗಿಟ್‌ಹಬ್‌ಗೆ ಏರಿಸುತ್ತಾರೆ. ಬಹಿರಂಗವಾಗಿ ಬಿದ್ದ ಇಂತಹ ಕೀಲಿಗಳನ್ನು ಹೆಕ್ಕಲೆಂದೇ ಕಳ್ಳರು ಸ್ವಯಂಚಾಲಿತ ಪ್ರೋಗ್ರಾಂಗಳನ್ನು ಓಡಿಸುತ್ತಿರುತ್ತಾರೆ. ಅವರು ನಿಲ್ಲಿಸಿದ ಸರ್ವರ್‌ಗಳ ಬಿಲ್ಲು ಬರುವುದು ಖಾತೆದಾರನ ಹೆಸರಿಗೆ. ಕೀಲಿಯನ್ನು ಕಡತದ ಹೊರಗಿಡುವ ಕ್ರಮವನ್ನೇ ಮೊದಲ ಮಾದರಿಯಾಗಿ ತೋರಿಸಬೇಕು. ‘ಮುಂದೆ ಹೇಳುತ್ತೇವೆ’ ಎಂಬ ಮಾತು ಇಲ್ಲಿ ಸಲ್ಲದು.

ಸ್ಟೇಟ್ ಕಡತದ ಕಥೆಯೂ ಬಹುಮಟ್ಟಿಗೆ ಇದೇ. ತಾನು ಏನೇನು ನಿರ್ಮಿಸಿದ್ದೇನೆಂಬ ಲೆಕ್ಕವನ್ನು ಟೆರಾಫಾರ್ಮ್ ಇಡುವುದು ಇದರಲ್ಲಿ. ಇದನ್ನು ಅಳಿಸಿದರೆ ಸರ್ವರ್‌ಗಳು ಓಡುತ್ತಲೇ ಇರುತ್ತವೆ, ಆದರೆ ಅವು ತನ್ನವೆಂಬುದು ತಂತ್ರಾಂಶಕ್ಕೆ ತಿಳಿಯದು. ಪಾಸ್‌ವರ್ಡ್‌ಗಳೂ ಇದರಲ್ಲಿ ಬಯಲಾಗಿಯೇ ದಾಖಲಾಗಬಹುದು. ಮೊದಲ ಅಪ್ಲೈ ಆಜ್ಞೆ ಮುಗಿದ ಕೂಡಲೇ ಈ ಕಡತ ಹುಟ್ಟುವುದರಿಂದ ಅದರ ಪರಿಚಯವೂ ಅಲ್ಲಿಯೇ ಆಗಬೇಕು.

ಹಳೆಯ ಪಾಠಗಳು ಅಂತರ್ಜಾಲದಲ್ಲಿ ಉಳಿದುಕೊಂಡಿರುವುದೂ ಗೊಂದಲಕ್ಕೆ ಕಾರಣ. 2017ರ 0.10 ಆವೃತ್ತಿಯಲ್ಲಿ ಅಮೆಜಾನ್ ಮುಂತಾದವುಗಳಿಗೆ ಸಂಬಂಧಿಸಿದ ಭಾಗಗಳನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಲಾಯಿತು. ಅವನ್ನು ಇಳಿಸಿಕೊಳ್ಳಲು ಇನಿಟ್ ಅನಿವಾರ್ಯವಾಯಿತು. 2019ರ 0.12ರಲ್ಲಿ ಬರವಣಿಗೆಯ ವ್ಯಾಕರಣವೇ ಬದಲಾಯಿತು. ಹೊಂದಾಣಿಕೆ ಕಾಯ್ದುಕೊಳ್ಳುವ ಭರವಸೆ ಸಿಕ್ಕಿದ್ದು 2021ರ 1.0ರೊಂದಿಗೆ. ಯಾವ ಆವೃತ್ತಿಗೆ ಬರೆದದ್ದೆಂದು ಪಾಠದ ತಲೆಯಲ್ಲೇ ನಮೂದಿಸುವುದು, ಪ್ರತಿ ಹೊಸ ಆವೃತ್ತಿಗೂ ಪಾಠದ ಉದಾಹರಣೆಯನ್ನು ಖಾಲಿ ಖಾತೆಯೊಂದರಲ್ಲಿ ಓಡಿಸಿ ನೋಡುವುದು ದುಬಾರಿ ಕೆಲಸವೇನಲ್ಲ. ತಂತ್ರಾಂಶಕ್ಕೆ ಪರೀಕ್ಷೆ ಬರೆಯುವವರು ಪಾಠಕ್ಕೆ ಮಾತ್ರ ಅದನ್ನು ಬರೆಯದಿರುವುದು ಸೋಜಿಗ.

ಇನ್ನು ಡೆಸ್ಟ್ರಾಯ್. ನಿಲ್ಲಿಸಿದ್ದನ್ನೆಲ್ಲ ಕಿತ್ತುಹಾಕುವ ಈ ಆಜ್ಞೆಯನ್ನು ಸಾಮಾನ್ಯವಾಗಿ ಪಾಠಗಳ ಕೊನೆಯ ಪುಟಗಳಲ್ಲಿ ಇಡುತ್ತಾರೆ. ಸರ್ವರ್ ಓಡುವುದನ್ನು ಕಂಡ ಸಂತೋಷಕ್ಕೆ ಕಲಿಕೆದಾರ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಉಚಿತ ಮಿತಿ ಮೀರಿದ ಮೇಲೆ ಸರ್ವರ್‌ಗೆ ಓಡಿದಷ್ಟು ಹೊತ್ತಿಗೂ ಬಾಡಿಗೆ ಬೀಳುತ್ತದೆ, ಮರೆತವನಿಗೆ ಅದು ಗೊತ್ತಾಗುವುದು ತಿಂಗಳ ಬಿಲ್ಲು ಬಂದಾಗ. ಅಪ್ಲೈ ಕಲಿಸಿದ ಪುಟದಲ್ಲೇ ಡೆಸ್ಟ್ರಾಯ್ ಅನ್ನೂ ಒಮ್ಮೆ ಮಾಡಿಸಿ, ಮತ್ತೆ ಅಪ್ಲೈ ಮಾಡಿಸಿದರೆ ಆತನ ಹಣವೂ ಉಳಿಯುತ್ತದೆ. ಕಡತವೊಂದಿದ್ದರೆ ಕೆಡವಿದ್ದನ್ನು ಮತ್ತೆ ಕಟ್ಟಬಹುದೆಂಬ ಟೆರಾಫಾರ್ಮ್‌ನ ಮುಖ್ಯ ಪ್ರಯೋಜನ ಕಣ್ಣೆದುರೇ ಮನದಟ್ಟಾಗುತ್ತದೆ.