ಎಮು ಡೋಲು ಬಾರಿಸಿದಾಗ



ಕ್ರಿಸ್ಮಸ್ ರಜೆಗೆ ಊರಿಗೆ ಹೋಗಿ ಬಂದ ಡೊಂಬಿವಲಿಯ ಕೇಳುಗರೊಬ್ಬರು ಮೊನ್ನೆ ಫೋನ್ ಮಾಡಿದ್ದರು. "ಮೈಸೂರು ಝೂಗೆ ಹೋಗಿದ್ವಿ. ಎಮು ಹಕ್ಕಿ ಹತ್ರ ಡೋಲು ಬಾರಿಸಿದ ಹಾಗೆ ಡುಂ ಡುಂ ಅಂತ ಕೇಳಿಸ್ತು. ನೋಡಿದ್ರೆ ಕೊಕ್ಕು ಮುಚ್ಚಿದೆ! ಸದ್ದು ಎಲ್ಲಿಂದ ಬಂತಮ್ಮಾ ಅಂತ ಮಗ ಕೇಳ್ದ. ನಂಗೆ ಹೇಳಕ್ಕಾಗ್ಲಿಲ್ಲ. ನೀವು ಹೇಳ್ತೀರಾ?" ಸದ್ದಿನ ಪ್ರಶ್ನೆ ಬಂದರೆ ರೇಡಿಯೊದವರು ಬಿಡುವುದುಂಟೇ?

ಅದು ಹೆಣ್ಣು ಎಮುವಿನ ದನಿ. ಅದರ ಶ್ವಾಸನಾಳದಲ್ಲಿ ಒಂದು ಸೀಳಿದೆ. ಸೀಳಿಗೆ ಅಂಟಿಕೊಂಡಂತೆ, ಕತ್ತಿನ ಚರ್ಮದ ಒಳಗೆ, ಗಾಳಿ ತುಂಬುವ ಚೀಲವಿದೆ. ಚೀಲ ಉಬ್ಬಿದಾಗ ಹೊರಡುವ ಗುಡುಗುಡು ನಾದ ಬಯಲಿನಲ್ಲಿ ಸುಮಾರು 2 ಕಿ.ಮೀ. ದೂರಕ್ಕೂ ಕೇಳಿಸುತ್ತದೆ. ಗಂಡಿನದು ಗೊರಗೊರ ದನಿ. ನೋಡಲು ಎರಡೂ ಒಂದೇ ಥರ. ಗಂಡು ಯಾವುದು, ಹೆಣ್ಣು ಯಾವುದು ಎಂದು ಕಣ್ಣಿಗಿಂತ ಕಿವಿಯೇ ಬೇಗ ಹೇಳುತ್ತದೆ!

ಆಸ್ಟ್ರೇಲಿಯಾದ ಈ ಹಕ್ಕಿ ಉಷ್ಟ್ರಪಕ್ಷಿಯನ್ನು ಬಿಟ್ಟರೆ ಜಗತ್ತಿನಲ್ಲೇ ಅತಿ ಎತ್ತರದ್ದು. ಹಾರಲಾರದು, ಆದರೆ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಓಡಬಲ್ಲದು. ಹೆಣ್ಣು ಕಡುಹಸಿರು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಕಾವು ಕೂರುವುದು ಅಪ್ಪ! ಸುಮಾರು 8 ವಾರ ಅದು ಏನನ್ನೂ ತಿನ್ನುವುದಿಲ್ಲ. ಮೈಯ ಕೊಬ್ಬಿನಲ್ಲೇ ದಿನ ದೂಡುತ್ತದೆ. ಮರಿಗಳು ಹೊರಬಂದ ಮೇಲೆ ತಿಂಗಳುಗಟ್ಟಲೆ ಅವುಗಳ ಕಾವಲೂ ಅದರದ್ದೇ. ಬೇಲಿಯಾಚೆ ಸುಮ್ಮನೆ ಕೂತ ಎಮುವನ್ನು ಎಬ್ಬಿಸಲೆಂದು ಕಲ್ಲು ಎಸೆಯುವವರಿದ್ದಾರೆ. ಅದು ಸೋಮಾರಿಯಾಗಿ ಕೂತದ್ದೋ, ಮೊಟ್ಟೆಯ ಮೇಲೆ ಕೂತದ್ದೋ, ಎಸೆದವರಿಗೆ ಗೊತ್ತೇ?

ಪುಣೆ, ಹೈದರಾಬಾದ್, ಚೆನ್ನೈನ ಕೇಳುಗರಲ್ಲಿ ಕೆಲವರು ಮೊದಲ ಎಮುವನ್ನು ನೋಡಿದ್ದು ಝೂನಲ್ಲಿ ಅಲ್ಲ, ಹೆದ್ದಾರಿ ಪಕ್ಕದ ಫಾರಂನಲ್ಲಿ ಇರಬಹುದು. ಎಣ್ಣೆ, ಮಾಂಸ, ಮೊಟ್ಟೆ ಎಲ್ಲಕ್ಕೂ ಬೆಲೆ ಇದೆ ಎಂಬ ಮಾತು ನಂಬಿ ಎಷ್ಟೋ ರೈತರು ಹಣ ಹಾಕಿದ್ದರು. ಕೊಳ್ಳುವವರೇ ಇರಲಿಲ್ಲ. 2012ರಲ್ಲಿ ತಮಿಳುನಾಡಿನ ಈರೋಡ್ ಕಡೆ ಈ ವ್ಯವಹಾರ ಕುಸಿದು ಬಿತ್ತು. ಹಣ ಹಾಕಿದವರು ಬೀದಿಗೆ ಬಂದರು, ಹಕ್ಕಿಗಳು ಮೇವಿಲ್ಲದೆ ಸೊರಗಿದವು. ಕೊನೆಗೆ ಸರ್ಕಾರವೇ ಮೇವು ಹಾಕಬೇಕಾಯಿತು. ಹಕ್ಕಿಯ ಬಗ್ಗೆ ಅರಿಯದೆ ಅದರ ಬೆಲೆ ಮಾತ್ರ ಕೇಳಿದ್ದಕ್ಕೆ ಸಿಕ್ಕ ಪಾಠ ಇದು.

ಇನ್ನು ನೀರಿನ ಲೋಕ. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯ ನೋಡಿ ಬೆಳೆದ ಮುಂಬೈ ಕನ್ನಡಿಗರು ಎಷ್ಟೋ ಮಂದಿ. ಗಾಜು ಕಂಡರೆ ಮಕ್ಕಳ ಬೆರಳು ಸುಮ್ಮನಿರುವುದಿಲ್ಲ, ಟಕ್ ಟಕ್! ಸದ್ದು ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ಮೀನಿನ ಮೈಯ ಎರಡೂ ಪಕ್ಕ ನೀರಿನ ಅದುರನ್ನು ಗ್ರಹಿಸುವ ಗೆರೆಯಿದೆ. ನಮಗೆ ಆಟದ ಟಕ್ ಟಕ್ ಅದಕ್ಕೆ ಮೈಯೆಲ್ಲ ಅದುರುವ ಪೆಟ್ಟು. ಓಡಿಹೋಗಲು ಜಾಗವೂ ಇಲ್ಲ.

ಡಾಲ್ಫಿನ್ ಕಥೆ ಇನ್ನೂ ಸೂಕ್ಷ್ಮ. ಅದು ದನಿ ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ದಾರಿ ಮತ್ತು ಬೇಟೆ ಗುರುತಿಸುತ್ತದೆ. ಕಡಲಲ್ಲಿ ಮೈಲಿಗಟ್ಟಲೆ ಸುತ್ತುವ ಜೀವಿಯನ್ನು ಕಾಂಕ್ರೀಟ್ ತೊಟ್ಟಿಗೆ ಹಾಕಿ ಕುಣಿಸುವುದು ಸರಿಯೇ? 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬೇಡಿ ಎಂದು ರಾಜ್ಯಗಳಿಗೆ ತಿಳಿಸಿತು. ಡಾಲ್ಫಿನ್ ನೋಡುವ ಆಸೆಯೇ? ನಮ್ಮ ಕಾರವಾರದ ಕಡಲಿಗೆ ಹೋಗಿ. ದೋಣಿಯವರಿಗೆ "ಅಟ್ಟಿಸಿಕೊಂಡು ಹೋಗಬೇಡಿ" ಎಂದು ಮೊದಲೇ ಹೇಳಿ. ಬೆನ್ನು ನೀರ ಮೇಲೆ ಕಂಡರೆ ಅದೃಷ್ಟ. ಕಾಣದಿದ್ದರೆ ಕಡಲಂತೂ ಇದ್ದೇ ಇದೆ.

ಹಾಗಾಗಿ ಮುಂದಿನ ರಜೆಗೆ ಒಂದು ಕೋರಿಕೆ. ಎಲ್ಲ ಪ್ರಾಣಿ ನೋಡಿ ಮುಗಿಸುವ ಓಟ ಬೇಡ. ಒಂದೇ ಬೇಲಿಯ ಮುಂದೆ ಹತ್ತು ನಿಮಿಷ ಮಕ್ಕಳ ಜೊತೆ ಮಾತಿಲ್ಲದೆ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ. ಡೊಂಬಿವಲಿಯ ಆ ಹುಡುಗನಿಗೆ ಡೋಲು ಕೇಳಿಸಿದ್ದು ಅವನು ಸುಮ್ಮನೆ ನಿಂತಿದ್ದರಿಂದಲೇ.

ನಿಮಗೆ ಏನು ಕೇಳಿಸಿತು, ನಮಗೂ ಹೇಳಿ. ಕೇಳಲು ನಾವಿದ್ದೇವೆ.