ಮಾಯಾ ಜನರು ಒಂದೇ ರಾತ್ರಿಯಲ್ಲಿ ಮಾಯವಾದರೇ? ನಿಜಕ್ಕೂ ಕಣ್ಮರೆಯಾಗುತ್ತಿರುವುದು ಏನು?

"ಸಾವಿರ ವರ್ಷಗಳ ಹಿಂದೆ ಮಾಯನ್ನರು ಎಂಬ ಮಹಾನ್ ಜನಾಂಗ ಒಂದೇ ರಾತ್ರಿಯಲ್ಲಿ ಭೂಮಿಯಿಂದ ಕಣ್ಮರೆಯಾಯಿತು. ವಿಜ್ಞಾನಿಗಳಿಗೂ ಇದಕ್ಕೆ ಉತ್ತರ ಸಿಕ್ಕಿಲ್ಲ!!" ಮೇಲೆ ಕಾಡಿನ ನಡುವೆ ನಿಂತ ಕಲ್ಲಿನ ಪಿರಮಿಡ್ಡಿನ ಫೋಟೋ, ಕೊನೆಯಲ್ಲಿ 'ಎಲ್ಲರಿಗೂ ಶೇರ್ ಮಾಡಿ'. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವದರಲ್ಲಿ ಇನ್ನೊಂದು ಸಾಲು ಸೇರಿರುತ್ತದೆ: ಮಾಯನ್ನರು ಬೇರೆ ಯಾರೂ ಅಲ್ಲ, ಮಹಾಭಾರತದಲ್ಲಿ ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ ನಮ್ಮ ಮಯಾಸುರನ ವಂಶದವರು!

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. 'ಮಾಯಾ' ಎಂಬ ಒಂದೇ ಹೆಸರಿನಿಂದ ಆ ಜನ ತಮ್ಮನ್ನು ಹಿಂದೆ ಕರೆದುಕೊಳ್ಳುತ್ತಲೇ ಇರಲಿಲ್ಲ. ಒಂದೊಂದು ನಗರಕ್ಕೂ ಅದರದೇ ರಾಜವಂಶ, ಅದರದೇ ಹೆಸರು ಇತ್ತು. ಮೆಕ್ಸಿಕೋದ ಯುಕಟಾನ್ ಭಾಗದಲ್ಲಿ ಬಳಕೆಯಲ್ಲಿದ್ದ ಒಂದು ಹೆಸರನ್ನು ಸ್ಪೇನಿನವರು ಬಂದ ಮೇಲೆ ಎಲ್ಲರಿಗೂ ಅಂಟಿಸಲಾಯಿತು. ಉಚ್ಚಾರಣೆ ಹತ್ತಿರವಿದೆ ಎಂದು ನಂಟು ಕಟ್ಟುವುದು, ಜಪಾನಿನ ನಾರಾ ನಗರವನ್ನು ನಮ್ಮ ನಾರಾಯಣಪ್ಪನವರ ಅಜ್ಜ ಕಟ್ಟಿಸಿದ್ದು ಎಂದ ಹಾಗೆ.

ಮೊದಲನೆಯ ಮಾತು ಹೆಚ್ಚು ಗಂಭೀರ. ಕನ್ನಡದಲ್ಲಿ 'ಮಾಯಾ' ಎಂದೊಡನೆ 'ಮಾಯವಾದರು' ಎಂಬುದು ಸರಾಗವಾಗಿ ನಾಲಿಗೆಗೆ ಬರುತ್ತದೆ, ನಿಜ. ಆದರೆ ಗ್ವಾಟೆಮಾಲಾ ದೇಶದ 2018ರ ಜನಗಣತಿಯಲ್ಲಿ ಶೇ 40ಕ್ಕೂ ಹೆಚ್ಚು ಜನ ತಾವು ಮಾಯಾ ಎಂದು ಬರೆಸಿದ್ದಾರೆ. ಅಂದರೆ ಒಂದೇ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಮಂದಿ. ಮೆಕ್ಸಿಕೋ, ಬೆಲೀಜ್, ಹೊಂಡುರಾಸ್‌ಗಳಲ್ಲೂ ಇದ್ದಾರೆ. ಸುಮಾರು 30 ಮಾಯಾ ಭಾಷೆಗಳು ಇವತ್ತಿಗೂ ಮಾತಿನಲ್ಲಿವೆ. ಹಾಗಾದರೆ ಆ ಪಾಳುಬಿದ್ದ ನಗರಗಳ ಕಥೆ ಏನು? ಅದಕ್ಕೆ ಒಂದು ನದಿಯ ಕಡೆಗೆ ಹೋಗಬೇಕು.

ನದಿಯೇ ಹೆದ್ದಾರಿ

ಆ ನದಿಯ ಹೆಸರು ಉಸುಮಸಿಂಟಾ. ಗ್ವಾಟೆಮಾಲಾದ ಬೆಟ್ಟಗಳಲ್ಲಿ ಹುಟ್ಟುವ ಚಿಶೋಯ್ ನದಿ (ಕೆಳಗೆ ಬಂದಂತೆ ಇದಕ್ಕೆ ಸಲಿನಾಸ್ ಎಂಬ ಹೆಸರು) ಮತ್ತು ಪಸಿಯೋನ್ ನದಿ ಸೇರಿ ಉಸುಮಸಿಂಟಾ ಆಗುತ್ತದೆ. ಅಲ್ಲಿಂದ ಮೆಕ್ಸಿಕೋ ಮತ್ತು ಗ್ವಾಟೆಮಾಲಾ ನಡುವಿನ ಗಡಿಯಾಗಿ ಹರಿದು, ಕಡಿದಾದ ಕಣಿವೆಗಳನ್ನು ದಾಟಿ, ತಬಾಸ್ಕೊ ರಾಜ್ಯದ ಬಯಲಿಗೆ ಇಳಿದು ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆ. ಮಾಯಾ ಜನರ ಬಳಿ ಭಾರ ಎಳೆಯುವ ಎತ್ತು, ಕುದುರೆ ಇರಲಿಲ್ಲ, ಗಾಡಿಯ ಬಳಕೆಯೂ ಇರಲಿಲ್ಲ. ಭಾರದ ಸರಕು ಸಾಗಬೇಕೆಂದರೆ ಒಂದೋ ಮನುಷ್ಯರ ಬೆನ್ನು, ಇಲ್ಲವೇ ದೋಣಿ. ಹಾಗಾಗಿ ದೊಡ್ಡ ದೊಡ್ಡ ನಗರಗಳು ಈ ನದಿಯ ದಂಡೆಯಲ್ಲಿ ಎದ್ದವು.

ಅವುಗಳಲ್ಲಿ ಎರಡು ಊರುಗಳನ್ನು ನೆನಪಿಟ್ಟುಕೊಳ್ಳಿ. ನದಿ ಕುದುರೆ ಲಾಳದಂತೆ ತಿರುಗುವ ಜಾಗದಲ್ಲಿ, ಮೆಕ್ಸಿಕೋ ದಂಡೆಯಲ್ಲಿ ಯಾಶ್ಚಿಲಾನ್ ಇದೆ. ಅಲ್ಲಿಂದ ಕೆಳಕ್ಕೆ, ಗ್ವಾಟೆಮಾಲಾ ದಂಡೆಯಲ್ಲಿ ಪಿಯೆದ್ರಾಸ್ ನೆಗ್ರಾಸ್ ಇದೆ. ಎರಡೂ ಹಳೆಯ ವೈರಿಗಳು.

ಇವರು ವೈರಿಗಳೆಂದು ನಮಗೆ ಹೇಗೆ ಗೊತ್ತು? ಕಲ್ಲಿನ ಮೇಲೆ ಅವರೇ ಬರೆದಿಟ್ಟಿದ್ದಾರೆ. ಬಹಳ ಕಾಲ ಈ ಬರಹಗಳಲ್ಲಿ ಇರುವುದು ಬರೀ ನಕ್ಷತ್ರ, ಪಂಚಾಂಗ, ದೇವರು ಎಂದು ವಿದ್ವಾಂಸರು ನಂಬಿದ್ದರು. 1960ರಲ್ಲಿ ತತಿಯಾನಾ ಪ್ರೊಸ್ಕೊರಿಯಾಕಾಫ್ ಎಂಬ ಸಂಶೋಧಕಿ ಪಿಯೆದ್ರಾಸ್ ನೆಗ್ರಾಸ್‌ನ ಕಲ್ಲುಗಳ ತೇದಿಗಳನ್ನು ಸಾಲಾಗಿ ಜೋಡಿಸಿ ನೋಡಿದರು. ಒಂದೊಂದು ಗುಂಪಿನ ಕಲ್ಲುಗಳ ತೇದಿಗಳೂ ಒಬ್ಬ ಮನುಷ್ಯನ ಆಯುಷ್ಯಕ್ಕೆ ಸರಿಹೊಂದುತ್ತಿದ್ದವು. ಅಂದರೆ ಇದು ರಾಜರ ಜನನ, ಪಟ್ಟಾಭಿಷೇಕ, ಯುದ್ಧಗಳ ಲೆಕ್ಕ! ನಮ್ಮ ಊರುಗಳ ಶಿಲಾಶಾಸನ, ವೀರಗಲ್ಲುಗಳನ್ನು ಕಂಡವರಿಗೆ ಇದೇನೂ ಹೊಸದೆನಿಸುವುದಿಲ್ಲ. ಪ್ರೊಸ್ಕೊರಿಯಾಕಾಫ್ ತೀರಿಕೊಂಡ ಮೇಲೆ, 1998ರಲ್ಲಿ ಅವರ ಚಿತಾಭಸ್ಮವನ್ನು ಅದೇ ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಹೂಳಲಾಯಿತು.

'ಒಂದೇ ರಾತ್ರಿ'ಯ ಉದ್ದ ಎಷ್ಟು?

ಯಾಶ್ಚಿಲಾನ್‌ನ ಕಟ್ಟಕಡೆಯ ಶಾಸನದ ಕಾಲ ಕ್ರಿ.ಶ. 808. ಪಿಯೆದ್ರಾಸ್ ನೆಗ್ರಾಸ್‌ನ ರಾಜನನ್ನು ಸೆರೆಹಿಡಿದೆವು ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಸೋತ ಊರು ಮತ್ತೆ ಏಳಲಿಲ್ಲ. ಗೆದ್ದ ಊರಿನವರೂ ಅದಾದ ಮೇಲೆ ಕಲ್ಲಿನಲ್ಲಿ ಏನನ್ನೂ ಬರೆಯಿಸಲಿಲ್ಲ.

ದಕ್ಷಿಣದ ತಗ್ಗುನಾಡಿನ ನಗರಗಳು ಹೀಗೆ ಒಂದೊಂದಾಗಿ ಖಾಲಿಯಾಗುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಾರಣಗಳಲ್ಲಿ ಬರಗಾಲ ಮುಖ್ಯವಾದದ್ದು. ಗಡಸು ನೀರನ್ನು ಪಾತ್ರೆಯಲ್ಲಿ ಕುದಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಹಾಗೆಯೇ ಯುಕಟಾನ್‌ನ ಒಂದು ಕೆರೆಯಲ್ಲಿ ನೀರು ಬತ್ತಿದಾಗಲೆಲ್ಲ ಜಿಪ್ಸಂ ಕೂತಿದೆ. ಆ ಜಿಪ್ಸಂ ಒಳಗೆ ಸಿಕ್ಕಿಹಾಕಿಕೊಂಡ ನೀರಿನ ಅಣುಗಳನ್ನು ಪರೀಕ್ಷಿಸಿ 2018ರಲ್ಲಿ ಒಂದು ತಂಡ ಲೆಕ್ಕ ಹಾಕಿತು: ಆ ಕಾಲದಲ್ಲಿ ವರ್ಷದ ಮಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ತೀರಾ ಕೆಟ್ಟ ದಿನಗಳಲ್ಲಿ ಶೇ 70ರವರೆಗೂ ಕುಸಿದಿತ್ತು.

ಆದರೆ ಬರ ಒಂದೇ ಕಾರಣ ಎಂದು ಹೇಳಿ ಮುಗಿಸುವ ಹಾಗಿಲ್ಲ. ಹಾಗಿದ್ದರೆ ವರ್ಷವಿಡೀ ತುಂಬಿ ಹರಿಯುವ ಉಸುಮಸಿಂಟಾ ದಂಡೆಯ ಊರುಗಳು ಎಲ್ಲಕ್ಕಿಂತ ಕೊನೆಗೆ ಬೀಳಬೇಕಿತ್ತು. ಬಿದ್ದದ್ದು ಮೊದಲಿಗೇ! ಕುಡಿಯುವ ನೀರು ಕಣ್ಣೆದುರಿಗೇ ಇದ್ದರೂ ನಿಲ್ಲದ ಯುದ್ಧ, ಮುರಿದ ವ್ಯಾಪಾರ, ರಾಜರ ಮೇಲೆ ಜನ ಕಳೆದುಕೊಂಡ ನಂಬಿಕೆ, ಇವೆಲ್ಲ ಸೇರಿಕೊಂಡವು ಎಂಬುದು ಹೆಚ್ಚಿನ ಪುರಾತತ್ವಜ್ಞರ ಅಭಿಪ್ರಾಯ. ಜನ ಸತ್ತು ನಿರ್ನಾಮವಾಗಲಿಲ್ಲ. ಅರಮನೆ ಬಿಟ್ಟು ಬೇರೆ ಕಡೆ ಹೋದರು. ಉತ್ತರದಲ್ಲಿ ಚಿಚೆನ್ ಇಟ್ಜಾ ಬೆಳೆಯಿತು, ಆಮೇಲೆ ಮಾಯಾಪಾನ್ ಬಂತು. ಕೊನೆಯ ಸ್ವತಂತ್ರ ಮಾಯಾ ರಾಜ್ಯವನ್ನು ಸ್ಪೇನಿನವರು ಗೆದ್ದದ್ದು 1697ರಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಮೈಸೂರಿನ ಗದ್ದುಗೆಯ ಮೇಲೆ ಚಿಕ್ಕದೇವರಾಜ ಒಡೆಯರು ಇದ್ದರು.

ಇವತ್ತು ಯಾಶ್ಚಿಲಾನ್ ನೋಡಲು ಹೋದರೆ ಫ್ರಾಂಟೆರಾ ಕೊರೊಸಾಲ್ ಎಂಬ ಊರಿನಿಂದ ಮೋಟಾರು ದೋಣಿ ಹತ್ತಬೇಕು. ಅದು ಚೋಲ್ ಎಂಬ ಮಾಯಾ ಭಾಷೆ ಆಡುವವರ ಊರು. ಹಳೆಯ ಶಾಸನಗಳ ಭಾಷೆಗೆ ಹತ್ತಿರದ ನೆಂಟ ಅದು. 'ಕಣ್ಮರೆಯಾದ ಜನಾಂಗ'ದ ಪಾಳು ನಗರಕ್ಕೆ ಪ್ರವಾಸಿಗರನ್ನು ದಾಟಿಸುತ್ತಿರುವವರು ಅದೇ ಜನ.

2012ರ ಕಲ್ಲು, ಸಿಮೆಂಟಿನ ಪಾಲು

2012ರ ಡಿಸೆಂಬರ್ 21ಕ್ಕೆ ಪ್ರಳಯ ಎಂದು ಟಿವಿ ಚಾನೆಲ್ಲುಗಳು ತಿಂಗಳುಗಟ್ಟಲೆ ಹೆದರಿಸಿದ್ದು ನೆನಪಿದೆಯೇ? ಆ ಗದ್ದಲಕ್ಕೆ ಆಧಾರವಾಗಿ ತೋರಿಸುತ್ತಿದ್ದ ಮುಖ್ಯ ಕಲ್ಲು ಸಿಕ್ಕಿದ್ದು ತಬಾಸ್ಕೊದ ಟೊರ್ಟುಗೇರೊ ಎಂಬಲ್ಲಿ. 7ನೇ ಶತಮಾನದ ಆ ಕಲ್ಲಿನಲ್ಲಿ ತೇದಿ ಇದೆ, ಅಂದು ಒಬ್ಬ ದೇವರು ಬರುತ್ತಾನೆ ಎಂಬರ್ಥದ ಸವೆದ ಸಾಲು ಇದೆ, ಪ್ರಳಯ ಎಂಬ ಮಾತೇ ಇಲ್ಲ. ಹತ್ತಿರದ ಪಲೆಂಕೆ ನಗರದ ಶಾಸನವಂತೂ ಮುಂದಿನ 4772ನೇ ಇಸವಿಯ ಒಂದು ದಿನವನ್ನೂ ಲೆಕ್ಕ ಹಾಕಿ ಬರೆದಿದೆ. ಲೋಕ 2012ಕ್ಕೇ ಮುಗಿಯುತ್ತದೆ ಎಂದುಕೊಂಡವರು ಹಾಗೆ ಬರೆಯುತ್ತಿದ್ದರೇ?

ಪ್ರಳಯ ಬಂದದ್ದು ಟೊರ್ಟುಗೇರೊಗೇ, ಅದೂ 2012ಕ್ಕಿಂತ ಎಷ್ಟೋ ಮೊದಲು. ಆ ಗುಡ್ಡದ ಸುಣ್ಣಕಲ್ಲಿಗಾಗಿ ಅಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ನಗರದ ಬಹುಭಾಗ ಹಾಳಾಗಿ ಹೋಯಿತು. ಜಗತ್ತನ್ನೇ ಹೆದರಿಸಿದ ಕಲ್ಲಿನ ತುಂಡುಗಳು ಮ್ಯೂಸಿಯಂ ಪಾಲಾದವು.

ಕಳ್ಳರ ಕೈವಾಡ ಇನ್ನೊಂದು ಬಗೆಯದು. 1960ರ ದಶಕದಲ್ಲಿ ಈ ಕಾಡಿಗೆ ಗರಗಸ ಹಿಡಿದು ಬಂದವರು, ಆಳೆತ್ತರದ ಶಾಸನಗಳ ಕೆತ್ತನೆಯ ಮುಖವನ್ನಷ್ಟೇ ಹೋಳು ಮಾಡಿ ಸಾಗಿಸಿ ವಿದೇಶದ ಸಂಗ್ರಾಹಕರಿಗೆ ಮಾರಿದರು. ಪಿಯೆದ್ರಾಸ್ ನೆಗ್ರಾಸ್ ಇದರಲ್ಲಿ ಬಹಳ ಕಳೆದುಕೊಂಡಿತು. ಇದು ಕಳ್ಳರ ಕೆಲಸ ಮಾತ್ರ ಎಂದುಕೊಳ್ಳಬೇಡಿ. 1880ರ ದಶಕದಲ್ಲಿ ಯಾಶ್ಚಿಲಾನ್‌ನ ಬಾಗಿಲ ಮೇಲಿನ ಕಲ್ಲುಹಾಸನ್ನು ಭಾರ ಇಳಿಸಲು ಕೊಯ್ದು ಲಂಡನ್ನಿಗೆ ಒಯ್ದದ್ದು ಆಲ್ಫ್ರೆಡ್ ಮಾಡ್ಸ್‌ಲಿ ಎಂಬ ಗೌರವಾನ್ವಿತ ಅನ್ವೇಷಕ. ರಾಣಿಯೊಬ್ಬಳು ಮುಳ್ಳಿನ ಹಗ್ಗವನ್ನು ನಾಲಿಗೆಯೊಳಗೆ ಎಳೆದುಕೊಳ್ಳುವ ಆ ಕೆತ್ತನೆ ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಉತ್ತರದ ಯುಕಟಾನ್‌ನಲ್ಲಿ ಕಣ್ಣಿಗೆ ಕಾಣುವ ನದಿಯೇ ಇಲ್ಲ ಎನ್ನಬಹುದು. ಸುಣ್ಣಕಲ್ಲಿನ ನೆಲ ಮಳೆನೀರನ್ನು ಕುಡಿದುಬಿಡುತ್ತದೆ, ನದಿಗಳು ನೆಲದಡಿಯ ಗುಹೆಗಳಲ್ಲಿ ಹರಿಯುತ್ತವೆ. ಅಂಥ ಒಂದು ಮುಳುಗಿದ ಗುಹೆಯಲ್ಲಿ ಸಿಕ್ಕ ಹುಡುಗಿಯ ಅಸ್ಥಿಪಂಜರ 12,000 ವರ್ಷಕ್ಕೂ ಹಳೆಯದು. 2023ರ ಡಿಸೆಂಬರಿನಲ್ಲಿ ಓಡಾಟ ಶುರು ಮಾಡಿದ, 1,500 ಕಿ.ಮೀ.ಗೂ ಉದ್ದದ 'ಮಾಯಾ ರೈಲು' ಮಾರ್ಗದ ಒಂದು ಭಾಗ ಇಂಥ ಗುಹೆಗಳ ನೆತ್ತಿಯ ಮೇಲೇ ಹಾದುಹೋಗುತ್ತದೆ. ಕಾಂಕ್ರೀಟು ತುಂಬಿದ ಸಾವಿರಾರು ಉಕ್ಕಿನ ಕಂಬಗಳನ್ನು ನೆಲಕ್ಕೆ ಇಳಿಸಲಾಗಿದೆ, ಕೆಲವು ಗುಹೆಯ ಚಾವಣಿಯನ್ನು ತೂತು ಮಾಡಿಕೊಂಡು ನೀರಿನಲ್ಲಿ ನಿಂತಿವೆ. ರೈಲು ಬಂದರೆ ಉದ್ಯೋಗ ಬರುತ್ತದೆ ಎಂದು ಬಯಸಿದ ಮಾಯಾ ಹಳ್ಳಿಗಳೂ ಇವೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಚಿಶೋಯ್‌ನಲ್ಲಿ ಆದದ್ದು

ಮತ್ತೆ ನದಿಗೆ ಬರೋಣ. 2015ರ ಜೂನ್‌ನಲ್ಲಿ ಪಸಿಯೋನ್ ನದಿಯಲ್ಲಿ ನೂರಕ್ಕೂ ಹೆಚ್ಚು ಕಿ.ಮೀ. ಉದ್ದಕ್ಕೆ ಮೀನುಗಳು ಸತ್ತು ತೇಲಿದವು. ಬೆರಳು ತೋರಿದ್ದು ದಂಡೆಯ ತಾಳೆ ಎಣ್ಣೆ ಉದ್ಯಮದ ಕಡೆಗೆ. ಕೆಲಸ ನಿಲ್ಲಿಸುವಂತೆ ಕಂಪನಿಗೆ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಆದೇಶ ಕೊಟ್ಟ ಬೆನ್ನಲ್ಲೇ, ಮಾಲಿನ್ಯದ ವಿರುದ್ಧ ದನಿ ಎತ್ತಿದ್ದ ಒಬ್ಬ ಮಾಯಾ ಶಿಕ್ಷಕನನ್ನು ಹಾಡಹಗಲೇ ಗುಂಡಿಕ್ಕಿ ಕೊಂದರು.

ಉಸುಮಸಿಂಟಾದ ಇನ್ನೊಂದು ತಾಯಿನದಿ ಚಿಶೋಯ್. 1970ರ ದಶಕದಲ್ಲಿ ಗ್ವಾಟೆಮಾಲಾ ಸರ್ಕಾರ ವಿಶ್ವಬ್ಯಾಂಕ್ ಮತ್ತು ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಇದಕ್ಕೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟತೊಡಗಿತು. ಕಣಿವೆಯಲ್ಲಿದ್ದವರು ಅಚೀ ಭಾಷೆಯ ಮಾಯಾ ರೈತರು. ಮುಳುಗಲಿದ್ದ ಹಳೆಯ ನೆಲೆಗಳನ್ನು ದಾಖಲಿಸಲು ಫ್ರೆಂಚ್ ಪುರಾತತ್ವ ತಂಡವೊಂದು ಬಂತು. ರಿಯೊ ನೆಗ್ರೊ ಎಂಬ ಹಳ್ಳಿಯವರು ಜಾಗ ಬಿಡಲು ಒಪ್ಪಲಿಲ್ಲ. ದೇಶದಲ್ಲಿ ಆಗ ಅಂತರ್ಯುದ್ಧ, ಎದುರು ಮಾತಾಡಿದವರಿಗೆಲ್ಲ ಗೆರಿಲ್ಲಾ ಎಂಬ ಹಣೆಪಟ್ಟಿ. 1982ರ ಮಾರ್ಚ್ 13ರಂದು ಗಂಡಸರು ಬೆಟ್ಟಗಳಲ್ಲಿ ಅಡಗಿದ್ದಾಗ ಸೈನಿಕರು ಮತ್ತು ಅವರ ಜೊತೆಗಿದ್ದ ಸಶಸ್ತ್ರ ಗಸ್ತು ಪಡೆಯವರು ಹಳ್ಳಿಗೆ ಬಂದರು. 70 ಹೆಂಗಸರು ಮತ್ತು 107 ಮಕ್ಕಳನ್ನು ಗುಡ್ಡ ಹತ್ತಿಸಿ ಕೊಂದರು. ಆ ವರ್ಷದ ಎಲ್ಲ ದಾಳಿಗಳನ್ನೂ ಸೇರಿಸಿದರೆ ರಿಯೊ ನೆಗ್ರೊ ಜನರಲ್ಲಿ ಸತ್ತವರು 400ಕ್ಕೂ ಹೆಚ್ಚು. 1983ರಲ್ಲಿ ಜಲಾಶಯಕ್ಕೆ ನೀರು ತುಂಬಲಾಯಿತು.

ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು: ಆ ಅಂತರ್ಯುದ್ಧದಲ್ಲಿ ಸತ್ತ ಅಥವಾ ಕಾಣೆಯಾದ ಸುಮಾರು 2 ಲಕ್ಷ ಜನರ ಪೈಕಿ, ಗುರುತು ಸಿಕ್ಕವರಲ್ಲಿ ಶೇ 83ರಷ್ಟು ಮಾಯಾ ಜನ. ಅಣೆಕಟ್ಟಿನಿಂದ ನೊಂದ ಊರುಗಳಿಗೆ ಸರ್ಕಾರ ಸುಮಾರು 15.4 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 2014ರಲ್ಲಿ, ಅಂದರೆ ಮೂರು ದಶಕ ದಾಟಿದ ಮೇಲೆ. ಮಾಯಾ ಜನ ಸಾವಿರ ವರ್ಷದ ಹಿಂದೆಯೇ ಇಲ್ಲವಾದರು ಎಂಬ ಫಾರ್ವರ್ಡ್ ಓದಿದವರಿಗೆ ಈ 177 ಹೆಂಗಸರು, ಮಕ್ಕಳು ಯಾರು ಎಂದು ಕೇಳಲೂ ತೋಚುವುದಿಲ್ಲ. ನಮಗೆ ಆ ಸಂದೇಶದ ಮೇಲೆ ಸಿಟ್ಟು ಬರುವುದು ಇದಕ್ಕೇ.

ಕೆಳಗೆ, ಉಸುಮಸಿಂಟಾ ಕಣಿವೆಯಿಂದ ಬಯಲಿಗೆ ಇಳಿಯುವ ಬೋಕಾ ದೆಲ್ ಸೆರ್ರೊ ಎಂಬ ಜಾಗವೂ ಎಂಜಿನಿಯರುಗಳ ಕಣ್ಣಿಗೆ ಬಿದ್ದಿದೆ. 1980ರ ದಶಕದ ಯೋಜನೆ ನಡೆದಿದ್ದರೆ ಪಿಯೆದ್ರಾಸ್ ನೆಗ್ರಾಸ್ ಮುಳುಗುತ್ತಿತ್ತು, ಯಾಶ್ಚಿಲಾನ್‌ನ ತಗ್ಗಿನ ಭಾಗಕ್ಕೂ ನೀರು ಬರುತ್ತಿತ್ತು. ವಿರೋಧ, ಹಣದ ಅಡಚಣೆ ಎಲ್ಲ ಸೇರಿ ಅದು ನಿಂತಿತು. 1990ರ ಮತ್ತು 2000ದ ದಶಕಗಳಲ್ಲಿ ಎತ್ತರ ತಗ್ಗಿಸಿಕೊಂಡು ಮತ್ತೆ ಬಂತು, ಮತ್ತೆ ನಿಂತಿತು. ಪ್ರೊಸ್ಕೊರಿಯಾಕಾಫ್ ಮಲಗಿರುವ ಗುಡ್ಡದ ಕೆಳಗೆ ನದಿ ಸದ್ಯಕ್ಕೆ ತನ್ನ ಪಾತ್ರದಲ್ಲೇ ಹರಿಯುತ್ತಿದೆ.