ಸ್ಪ್ರಿಂಗು ಬದಲಿಸಿದರೆ ಜೈಲು, ರಸ್ತೆ ಕೆಡಿಸಿದರೆ?

ಕಾರಿನ ಸಸ್ಪೆನ್ಷನ್ ಮನೆಯಲ್ಲೇ ಬದಲಿಸುವ ವಿಡಿಯೊಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟು, ಒಂದು ಜಾಕಿ, ಒಂದು ಟೂಲ್ ಬಾಕ್ಸು, ಹಿನ್ನೆಲೆಯಲ್ಲಿ ಬೀಟ್ಸು. ಹತ್ತು ನಿಮಿಷದಲ್ಲಿ ಕಾರು ಕೆಳಗಿಳಿದು, ಚಕ್ರ ಮತ್ತು ಫೆಂಡರ್ ನಡುವಿನ ಸಂದು ಮಾಯ. ಹಾಕಿರುವ ವಸ್ತುವಿನ ಹೆಸರು ಕಾಯಿಲೋವರ್. ಕೆಳಗಿನ ಕಮೆಂಟುಗಳಲ್ಲಿ ಎರಡೇ ಪ್ರಶ್ನೆ: "ಎಷ್ಟಾಯ್ತು ಬ್ರೋ?" ಮತ್ತು "ಪೊಲೀಸ್ರು ಹಿಡಿಯಲ್ವಾ?"

ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಕಾಯಿಲೋವರ್ ಏನು ಮಾಡುತ್ತದೆ, ನಮ್ಮ ರಸ್ತೆ ಏನು ಮಾಡುತ್ತದೆ, 2019ರ ಕಾನೂನು ಏನು ಹೇಳುತ್ತದೆ ಅನ್ನೋ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಇದು ಏನು, ಸಾದಾ ಶಾಕ್‌ಗಿಂತ ಹೇಗೆ ಬೇರೆ?

ಸ್ಪ್ರಿಂಗು ಕಾರಿನ ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಶಾಕ್ ಸತ್ತುಹೋದ ಹಳೇ ಕಾರು ಹಂಪ್ ದಾಟಿದ ಮೇಲೂ ಮೂರ್ನಾಲ್ಕು ಸಲ ತೂಗುವುದನ್ನು ನೀವೇ ನೋಡಿರುತ್ತೀರಿ. ಶಾಕ್‌ನ ಮೈ ಮೇಲೆಯೇ ಸ್ಪ್ರಿಂಗು ಕೂತಿದ್ದರೆ ಅದು ಕಾಯಿಲೋವರ್. ಆ ಲೆಕ್ಕದಲ್ಲಿ ನಮ್ಮ ಬಹುತೇಕ ಹ್ಯಾಚ್‌ಬ್ಯಾಕ್‌ಗಳ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ಹುಟ್ಟಿನಿಂದಲೇ ಒಂಥರಾ ಕಾಯಿಲೋವರ್. ಮಾರುಕಟ್ಟೆಯಲ್ಲಿ ಈ ಹೆಸರಿನಲ್ಲಿ ಮಾರುವುದು ಹೊಂದಿಸಬಹುದಾದ ಬಗೆಯನ್ನು: ಶಾಕ್‌ನ ಮೈಗೆ ಮರೆ ಕೊರೆದಿರುತ್ತಾರೆ, ಅದರ ಮೇಲೆ ತಿರುಗುವ ರಿಂಗುಗಳಿರುತ್ತವೆ. ರಿಂಗು ತಿರುಗಿಸಿದರೆ ಕಾರು ಏರುತ್ತದೆ ಅಥವಾ ಇಳಿಯುತ್ತದೆ.

ಹಿಂಬದಿಯ ಕತೆ ಬೇರೆ. ಸ್ವಿಫ್ಟ್‌ನಂಥ ಕಾರುಗಳಲ್ಲಿ ಹಿಂದೆ ಟಾರ್ಷನ್ ಬೀಮ್ ಇರುತ್ತದೆ. ಅಲ್ಲಿ ಸ್ಪ್ರಿಂಗು ಒಂದು ಕಡೆ, ಶಾಕ್ ಇನ್ನೊಂದು ಕಡೆ. ಹಾಗಾಗಿ ಕಿಟ್‌ನಲ್ಲಿ ಹಿಂಭಾಗಕ್ಕೆ ಬರುವುದು ಬೇರೆ ಸ್ಪ್ರಿಂಗು, ಅದರ ಕೆಳಗೆ ಹೊಂದಿಸುವ ಕುರ್ಚಿ, ಪ್ರತ್ಯೇಕ ಶಾಕ್. "ನಾಲ್ಕೂ ಕಡೆ ಕಾಯಿಲೋವರ್" ಅನ್ನುವುದು ಅಂಗಡಿಯವರ ಭಾಷೆ.

ಕೊಳ್ಳುವ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಎತ್ತರ ಬದಲಾಗುವುದು ಎಲ್ಲಿ? ಅಗ್ಗದ ಬಗೆಯಲ್ಲಿ ಸ್ಪ್ರಿಂಗಿನ ಕುರ್ಚಿಯನ್ನೇ ಇಳಿಸುತ್ತಾರೆ. ಆಗ ಶಾಕ್‌ನ ರಾಡು ಒಳಗೆ ಇಳಿದೇ ಕೂರುತ್ತದೆ, ಗುಂಡಿ ಬಂದಾಗ ಇಳಿಯಲು ಜಾಗ ಕಡಿಮೆ. ಇನ್ನೊಂದು ಬಗೆಯಲ್ಲಿ ಕೆಳಗಿನ ಬ್ರಾಕೆಟ್ ತಿರುಗಿಸಿ ಇಡೀ ಶಾಕ್‌ನ ಉದ್ದವನ್ನೇ ಬದಲಿಸುತ್ತಾರೆ. ಸ್ಪ್ರಿಂಗಿನ ಬಿಗಿ ಹಾಗೇ ಉಳಿಯುತ್ತದೆ, ರಾಡಿನ ಓಡಾಟವೂ ಉಳಿಯುತ್ತದೆ. ನಮ್ಮ ಊರಿನ ರಸ್ತೆಗೆ ಯಾವುದು ಅಂತ ಹೇಳಬೇಕಿಲ್ಲ.

ಸ್ವಲ್ಪ ಲೆಕ್ಕ, ಕಷ್ಟದ್ದಲ್ಲ

ಮುಂದಿನ ಒಂದು ಚಕ್ರದ ಮೇಲೆ 300 ಕೆಜಿ ಭಾರ ಇದೆ ಅಂದುಕೊಳ್ಳಿ. ಕಂಪನಿಯ ಸ್ಪ್ರಿಂಗು 1 ಮಿಲಿಮೀಟರ್ ಕುಗ್ಗಲು 2 ಕೆಜಿ ಬೇಕು ಅಂತಲೂ ಇಟ್ಟುಕೊಳ್ಳಿ. ಹಾಗಿದ್ದರೆ ಕಾರು ಸೆಕೆಂಡಿಗೆ ಸುಮಾರು 1.3 ಸಲ ತೂಗುತ್ತದೆ. ಮನುಷ್ಯ ನಡೆಯುವ ಲಯಕ್ಕೆ ಹತ್ತಿರದ ಸಂಖ್ಯೆ ಇದು, ದೇಹಕ್ಕೆ ಹಿತ. ಈಗ ಅದರ ಜಾಗದಲ್ಲಿ ಮಿಲಿಮೀಟರಿಗೆ 6 ಕೆಜಿಯ ಸ್ಪ್ರಿಂಗು ಹಾಕಿ. ಸೆಕೆಂಡಿಗೆ 2.2 ಸಲ. ಟ್ರ್ಯಾಕ್‌ನಲ್ಲಿ ಇದು ಚೆಂದ, ತಿರುವಿನಲ್ಲಿ ಕಾರು ವಾಲುವುದಿಲ್ಲ. ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಮಾತ್ರ ಹಿಂದೆ ಕೂತ ಅಮ್ಮನ ಸೊಂಟ ಕೇಳುತ್ತದೆ.

ಇನ್ನೊಂದು ಲೆಕ್ಕ ಹಂಪಿನದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ತನ್ನ ಐಆರ್‌ಸಿ 99 ಮಾರ್ಗಸೂಚಿಯಲ್ಲಿ ಹಂಪ್ ಹೇಗಿರಬೇಕು ಅಂತ ಹೇಳಿದೆ. 1988ರ ಆವೃತ್ತಿಯ ಪ್ರಕಾರ ಗಂಟೆಗೆ 25 ಕಿಮೀ ವೇಗದಲ್ಲಿ ದಾಟುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು. ಅಂದರೆ ಒಂದು ಸಣ್ಣ ಕಾರಿನ ಉದ್ದದಷ್ಟು ಅಗಲದ, ನಿಧಾನವಾಗಿ ಏರಿ ಇಳಿಯುವ ದಿಬ್ಬ. ನಿಮ್ಮ ಬೀದಿಯ ಹಂಪ್ ಹಾಗಿದೆಯಾ?

2,450 ಮಿಲಿಮೀಟರ್ ವೀಲ್‌ಬೇಸ್ ಇರುವ ಹ್ಯಾಚ್‌ಬ್ಯಾಕ್ ಸರಿಯಾದ ಹಂಪಿನ ನಡುವೆ ನಿಂತಾಗ ಹೊಟ್ಟೆಯ ಕೆಳಗಿನ ಅಂತರ ಸುಮಾರು 44 ಮಿಲಿಮೀಟರ್ ಮಾತ್ರ ಕಡಿಮೆಯಾಗುತ್ತದೆ, ಯಾಕೆಂದರೆ ಚಕ್ರಗಳೂ ದಿಬ್ಬದ ಮೇಲೆಯೇ ಇರುತ್ತವೆ. 165 ಮಿಲಿಮೀಟರ್ ಕ್ಲಿಯರೆನ್ಸ್ ಇದ್ದರೆ 121 ಉಳಿಯಿತು. 40 ಮಿಲಿಮೀಟರ್ ಇಳಿಸಿದ ಕಾರಿಗೂ 81 ಉಳಿಯುತ್ತದೆ. ಆರಾಮಾಗಿ ದಾಟಬಹುದು.

ಈಗ ಅದೇ 10 ಸೆಂಟಿಮೀಟರ್ ಎತ್ತರದ ಹಂಪನ್ನು ಒಂದಡಿ ಅಗಲದಲ್ಲಿ, ರಾತ್ರೋರಾತ್ರಿ, ಟಾರಿನ ಗುಪ್ಪೆಯಂತೆ ಹಾಕಿದರೆ ಚಕ್ರಗಳು ಸಮತಟ್ಟು ರಸ್ತೆಯಲ್ಲಿ, ಹೊಟ್ಟೆಯ ಕೆಳಗೆ ಗುಪ್ಪೆ. ಪೂರ್ತಿ 100 ಮಿಲಿಮೀಟರ್ ಹೋಯಿತು. ಕಂಪನಿಯ ಕಾರಿಗೆ ಉಳಿದಿದ್ದು 65. ನಾಲ್ಕು ಜನ ಕೂತರೆ ಅದರಲ್ಲೂ ಮೂರು ನಾಲ್ಕು ಸೆಂಟಿಮೀಟರ್ ಹೋಗುತ್ತದೆ. ಇಳಿಸಿದ ಕಾರಿಗೆ ಉಳಿಯುವುದು 25 ಮಿಲಿಮೀಟರ್, ಅದೂ ಖಾಲಿ ಇದ್ದಾಗ. ಎರಡೂ ಹಂಪುಗಳ ಎತ್ತರ ಒಂದೇ. ಕೆಟ್ಟದ್ದು ಆಕಾರ.

ಇದನ್ನು ಯಾಕೆ ಹೇಳಿದೆ ಅಂತ ಕೊನೆಯಲ್ಲಿ ಬರುತ್ತೇನೆ.

ಮನೆಯಲ್ಲಿ ಮಾಡುವುದಾದರೆ

ಮೊದಲು ಜಾಗ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮಣ್ಣು, ಇಳಿಜಾರು, ಟೈಲ್ಸ್ ಬೇಡ. ಡಿಕ್ಕಿಯಲ್ಲಿ ಬರುವ ಜಾಕಿ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಕಾರು ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸದೆ ಕೈ ಒಳಗೆ ಹಾಕುವ ಹಾಗಿಲ್ಲ. ಇಟ್ಟಿಗೆ, ಸೈಜುಗಲ್ಲು ಇಟ್ಟು ಕೆಲಸ ಮಾಡುವುದು ಜುಗಾಡ್ ಅಲ್ಲ, ಆತ್ಮಹತ್ಯೆ. ಟಾರ್ಕ್ ರೆಂಚು ಮತ್ತು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಲ್ಲದಿದ್ದರೆ ಶುರು ಮಾಡಲೇಬೇಡಿ. ಯಾವ ಬೋಲ್ಟು ಎಷ್ಟು ಬಿಗಿ ಅನ್ನೋದು ಅಂದಾಜಿನ ವಿಷಯ ಅಲ್ಲ.

ಬಿಚ್ಚುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಆಮೇಲೆ ಎಷ್ಟು ಇಳಿಯಿತು ಅನ್ನುವುದಕ್ಕೆ ಇದೇ ಸಾಕ್ಷಿ.

ಮುಂದಿನ ಚಕ್ರ ತೆಗೆದ ಮೇಲೆ ಕ್ರಮ ಹೀಗೆ. ಬ್ರೇಕ್ ಹೋಸು ಮತ್ತು ಎಬಿಎಸ್ ವೈರು ಸ್ಟ್ರಟ್‌ಗೆ ಕಟ್ಟಿಕೊಂಡಿರುವ ಕ್ಲಿಪ್ಪು ಬಿಡಿಸಿ. ಲಿಂಕ್ ರಾಡ್ ಬಿಚ್ಚಿ. ಚಕ್ರದ ಹಬ್ ಹಿಡಿದಿರುವ ನಕಲ್‌ಗೂ ಸ್ಟ್ರಟ್‌ಗೂ ಸೇರಿಸಿರುವ ಎರಡು ದೊಡ್ಡ ಬೋಲ್ಟುಗಳ ಜಾಗಕ್ಕೆ ಗುರುತು ಹಾಕಿ, ಆಮೇಲೆ ತೆಗೆಯಿರಿ. ನಕಲ್ ಹೊರಕ್ಕೆ ವಾಲದಂತೆ ತಂತಿಯಲ್ಲಿ ಕಟ್ಟಿ, ಇಲ್ಲದಿದ್ದರೆ ಬ್ರೇಕ್ ಹೋಸು ಜಗ್ಗುತ್ತದೆ, ಡ್ರೈವ್ ಶಾಫ್ಟ್ ಒಳಗಡೆ ಕಳಚಿಕೊಳ್ಳಲೂಬಹುದು. ಕೊನೆಗೆ ಬಾನೆಟ್ ಎತ್ತಿ ಮೇಲಿನ ಮೌಂಟ್‌ನ ನಟ್ಟುಗಳನ್ನು ಬಿಚ್ಚಿದರೆ ಸ್ಟ್ರಟ್ ಇಡಿಯಾಗಿ ಕೈಗೆ ಬರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ. ಮೌಂಟ್‌ನ ನಟ್ಟ ನಡುವೆ ಇರುವ ದೊಡ್ಡ ನಟ್ಟನ್ನು ಮುಟ್ಟಬೇಡಿ. ಅದರ ಕೆಳಗೆ ಕುಗ್ಗಿ ಕೂತ ಸ್ಪ್ರಿಂಗಿದೆ. ಅದು ಹಾರಿದರೆ ಮುಖ, ಕೈ ಏನೂ ಉಳಿಯುವುದಿಲ್ಲ. ಹಳೇ ಮೌಂಟನ್ನೇ ಹೊಸ ಕಿಟ್‌ಗೆ ಬಳಸಬೇಕಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಆ ಒಂದು ಕೆಲಸವನ್ನು ಗ್ಯಾರೇಜಿಗೆ ಕೊಂಡೊಯ್ದು ಮಾಡಿಸಿದರೆ ನಿಮ್ಮ ಮರ್ಯಾದೆ ಏನೂ ಹೋಗುವುದಿಲ್ಲ.

ಹೊಸದನ್ನು ಕೂರಿಸುವುದು ಇದೇ ಕ್ರಮ ಹಿಂದುಮುಂದಾಗಿ. ಸ್ಪ್ರಿಂಗು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಡಿಲ ಇರಬಾರದು, ಅಷ್ಟು ಬಿಗಿ ಸಾಕು. ಎಡ ಬಲ ಎರಡೂ ಕಡೆ ಅಳತೆ ಒಂದೇ ಇರಲಿ. ಡ್ಯಾಂಪಿಂಗ್ ಗುಬ್ಬಿಯನ್ನು ಪೂರ್ತಿ ಗಟ್ಟಿಗೆ ತಿರುಗಿಸಿ, ಅಲ್ಲಿಂದ ಕ್ಲಿಕ್ಕು ಎಣಿಸುತ್ತಾ ಹಿಂದೆ ಬನ್ನಿ. ಎರಡೂ ಕಡೆ ಅಷ್ಟೇ ಕ್ಲಿಕ್ಕು. ಬ್ರೇಕ್ ಹೋಸು ಮತ್ತು ಎಬಿಎಸ್ ವೈರು ಮೊದಲಿದ್ದ ದಾರಿಯಲ್ಲೇ ಹೋಗಲಿ. ಸ್ಟೇರಿಂಗ್ ಎರಡೂ ತುದಿಗೆ ತಿರುಗಿಸಿ, ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಕಾರು ಇಳಿದರೆ ಚಕ್ರದ ಕೋನ ಬದಲಾಗುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ಆದ್ದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ, ಹೆಡ್‌ಲೈಟ್ ಮಟ್ಟವನ್ನೂ ನೋಡಿಸಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಎತ್ತರ ಮತ್ತೆ ಅಳೆದು, ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿ. ಕಂಪನಿಯ ಹಳೇ ಸ್ಟ್ರಟ್‌ಗಳನ್ನು ಗುಜರಿಗೆ ಹಾಕಬೇಡಿ.

ಯಾಕೆ ಹಾಕಬಾರದು ಅನ್ನುವುದೇ ಮುಂದಿನ ವಿಷಯ.

ಕಾನೂನಿನ ಎರಡು ತೂಕ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಬಿಗಿಯಾಗಿ ಓದಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 182ಎ(4) ಸೇರಿಸಿತು: ಅನುಮತಿ ಇಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ನಿಮ್ಮ ಆರ್‌ಸಿ ತೆಗೆದು ನೋಡಿ. ಬಣ್ಣ, ಇಂಧನ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಸೀಟುಗಳು, ಖಾಲಿ ತೂಕ ಇರುತ್ತದೆ. ಸ್ಪ್ರಿಂಗಿನ ಗಡಸುತನ ಇರುವುದಿಲ್ಲ. ಹಾಗಾದರೆ ಸ್ಪ್ರಿಂಗು ಬದಲಿಸಿದ್ದು ಅಪರಾಧವಾ? 52ರ ಅಕ್ಷರ ಓದಿದರೆ ಇಲ್ಲ ಅನ್ನಬಹುದು. 182ಎ(4)ರ ಹರವು ಓದಿದರೆ ಹೌದು ಅನ್ನಬಹುದು. ಈ ಎರಡರ ನಡುವಿನ ಜಾಗದಲ್ಲಿ ರಸ್ತೆ ಬದಿಯಲ್ಲಿ ನಿಂತ ಅಧಿಕಾರಿಯ ವಿವೇಚನೆ ಇದೆ. ವಿವೇಚನೆ ಇರುವಲ್ಲಿ ವ್ಯವಹಾರವೂ ಇರುತ್ತದೆ. ಆದ್ದರಿಂದಲೇ ಹಳೇ ಸ್ಟ್ರಟ್ ಇಟ್ಟುಕೊಳ್ಳಿ ಅಂದಿದ್ದು. ಬೇಕಾದಾಗ ಮೊದಲಿದ್ದ ಸ್ಥಿತಿಗೆ ತರಬಹುದು. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ. ಹೇಳದೇ ಇದ್ದ ಬದಲಾವಣೆ ಕ್ಲೇಮ್ ಹೊತ್ತಲ್ಲಿ ಅವರಿಗೆ ನೆಪವಾಗುತ್ತದೆ.

ತಮಾಷೆಯೆಂದರೆ ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿದೆ: ಮಾರ್ಪಾಡಿಗೆ ಕೇಂದ್ರ ಸರ್ಕಾರ ನಿರ್ದಿಷ್ಟ ಮಾನದಂಡ ರೂಪಿಸಬಹುದು, ಅದರಂತೆ ಮಾಡಿದ ಮಾರ್ಪಾಡಿಗಾಗಿ ಕಂಪನಿಯ ವಾರಂಟಿ ರದ್ದಾಗಬಾರದು. ಜರ್ಮನಿಯಲ್ಲಿ ಇದು ನಡೆಯುತ್ತಿದೆ. ಅಲ್ಲಿ ಕಾಯಿಲೋವರ್ ಕಿಟ್ ತನ್ನ ಪರೀಕ್ಷಾ ಪ್ರಮಾಣಪತ್ರದೊಂದಿಗೆ ಬರುತ್ತದೆ, ಟಿಯುವಿಯಂಥ ಸಂಸ್ಥೆಯ ತಪಾಸಣೆಗಾರ ನೋಡಿ ಒಪ್ಪಿದರೆ ಅದು ವಾಹನದ ದಾಖಲೆಗೆ ಸೇರುತ್ತದೆ. ಜಪಾನ್‌ನಲ್ಲಿ ಕಾರಿನ ಹೊಟ್ಟೆ ನೆಲದಿಂದ 9 ಸೆಂಟಿಮೀಟರ್‌ಗಿಂತ ಕೆಳಗಿರಬಾರದು ಅನ್ನುವ ಸ್ಪಷ್ಟ ಗೆರೆಯಿದೆ. ಟೇಪು ಹಿಡಿದು ಅಳೆಯಬಹುದಾದ ಕಾನೂನು ಅದು.

ಈಗ ಹಂಪಿನ ವಿಷಯಕ್ಕೆ. 2019ರ ಅದೇ ತಿದ್ದುಪಡಿಯಲ್ಲಿ 198ಎ ಅನ್ನುವ ಸೆಕ್ಷನ್ ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಜೈಲಿಲ್ಲ. ಅದೂ ಯಾವಾಗ? ಆ ಲೋಪದಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಮಾತ್ರ.

ಎರಡನ್ನೂ ಪಕ್ಕಪಕ್ಕ ಇಡಿ. ಸ್ಪ್ರಿಂಗು ಬದಲಿಸಿದವನ ಮೇಲೆ ಕೇಸು ಹಾಕಲು ಯಾರಿಗೂ ಏನೂ ಆಗಿರಬೇಕಿಲ್ಲ. ಬೀದಿಯಲ್ಲಿ ಗುಪ್ಪೆ ಹಾಕಿದವನನ್ನು ಈ ಸೆಕ್ಷನ್ ಅಡಿ ಕೇಳಬೇಕಾದರೆ ಮೊದಲು ಒಂದು ಹೆಣ ಬೀಳಬೇಕು, ಅಥವಾ ಒಬ್ಬರ ಕಾಲು ಹೋಗಬೇಕು.

ಕೇಳಬೇಕಾದ್ದು

"ಯಾರು ಬೇಕಾದರೂ ಏನು ಬೇಕಾದರೂ ಮಾಡಲಿ" ಅನ್ನುವುದು ನನ್ನ ವಾದ ಅಲ್ಲ. ಸರಿಯಾಗಿ ಕೂರಿಸದ ಸಸ್ಪೆನ್ಷನ್ ಪಕ್ಕದಲ್ಲಿ ಹೋಗುವ ಸ್ಕೂಟರಿನವರನ್ನೂ ಕೊಲ್ಲಬಹುದು, ನಿಯಂತ್ರಣ ಬೇಕು. ಆದರೆ ನಿಷೇಧ ಮತ್ತು ನಿಯಂತ್ರಣ ಒಂದೇ ಅಲ್ಲ. ನಿಷೇಧ ಕೆಲಸವನ್ನು ಕತ್ತಲ ಬೇಸ್‌ಮೆಂಟಿಗೆ ತಳ್ಳುತ್ತದೆ, ನಿಯಂತ್ರಣ ಅದನ್ನು ತಪಾಸಣೆಯ ಮುಂದೆ ತರುತ್ತದೆ.

ಕಂಪನಿಗಳಿಗೂ ಈ ಮಬ್ಬು ಅನುಕೂಲವೇ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗಗಳು ಮತ್ತು ತಾಂತ್ರಿಕ ಮಾಹಿತಿ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ತಡೆದಿದ್ದು ಅವುಗಳ ಮೇಲಿದ್ದ ಆರೋಪ. ಆದೇಶದ ವಿರುದ್ಧ ಮೇಲ್ಮನವಿಗಳು ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಜೆಸಿ ರೋಡಿನ ಮೆಕ್ಯಾನಿಕ್‌ಗೆ ಕಂಪನಿಯ ಸರ್ವಿಸ್ ಮ್ಯಾನುಯಲ್ ಸಿಗುವುದೂ, ನೀವು ಮನೆಯಲ್ಲಿ ಸರಿಯಾದ ಬಿಗಿಗೆ ಬೋಲ್ಟು ತಿರುಗಿಸುವುದೂ ಒಂದೇ ಹಕ್ಕಿನ ಎರಡು ಮುಖ.

ಹಾಗಾಗಿ ಮೂರು ಬೇಡಿಕೆ. ಒಂದು, ಯಾವ ಮಾರ್ಪಾಡು ಸರಿ, ಯಾವುದು ತಪ್ಪು ಅನ್ನುವುದನ್ನು ಅಳತೆಯಲ್ಲಿ ಹೇಳುವ ಪಟ್ಟಿ. ಎರಡು, ಕಿಟ್‌ಗೆ ಪ್ರಮಾಣಪತ್ರ ಮತ್ತು ಆರ್‌ಟಿಒದಲ್ಲಿ ಶುಲ್ಕ ಕಟ್ಟಿ ದಾಖಲಿಸುವ ದಾರಿ. ಮೂರು, 198ಎಯಿಂದ ಸಾವಿನ ಷರತ್ತು ತೆಗೆಯುವುದು.

ಮೂರನೆಯದಕ್ಕೆ ಕಾರು ಇರಬೇಕಂತಿಲ್ಲ. ಟೇಪು ತಗೊಂಡು ನಿಮ್ಮ ಬೀದಿಯ ಹಂಪ್ ಅಳೆಯಿರಿ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಇಲ್ಲವಾದರೆ ಅದನ್ನು ಯಾರು, ಯಾವ ಆದೇಶದ ಮೇಲೆ ಹಾಕಿದರು ಅಂತ ನಗರ ಪಾಲಿಕೆಗೆ ಒಂದು ಆರ್‌ಟಿಐ ಹಾಕಿ.